ಹುಕ್ಕೇರಿಗೆ ಹೋದ ಎಣ್ಣೆ ಡಬ್ಬಿ

ಆ ರವಿವಾರ ನಾವು ಗೋಕಾಕದಿಂದ ಕಲ್ಲೋಳಿಗೆ ಮರಳಿದಾಗ ಬೆಳಗಿನ ಹತ್ತು ಗಂಟೆ ದಾಟಿತ್ತು. ಪಿಕಪ್ ಗಾಡಿಯ ಹಿಂದೆ, ಭಜಿ ಅಂಗಡಿಗಳಿಂದ ಎತ್ತಿಕೊಂಡು ಬಂದ ಕರಿದ ಎಣ್ಣೆಯ ಮೂರು ಕ್ಯಾನುಗಳಿದ್ದವು. ನಮ್ಮ ಮನೆಯವರು ಅವನ್ನು ಇಳಿಸುತ್ತಿದ್ದರು. ನಾನು ಜಾಗ ಮಾಡಲೆಂದು ಹಿತ್ತಲಿನ ತಗಡಿನ ಶೆಡ್ಡಿಗೆ ಹೋದೆ. ಹಿಂದಿನ ದಿನ ಗೋಡೆಗೆ ಒರಗಿಸಿ ಇಟ್ಟಿದ್ದ ಡಬ್ಬಿ ಅಲ್ಲಿರಲಿಲ್ಲ. ಡ್ರಮ್ಮಿನ ಹಿಂದೆ ನೋಡಿದೆ, ಗೋಣಿಚೀಲಗಳನ್ನು ಸರಿಸಿ ನೋಡಿದೆ. ನೆಲದ ಧೂಳಿನಲ್ಲಿ ಡಬ್ಬಿಯ ಚೌಕದ ಗುರುತು ಮಾತ್ರ ಉಳಿದಿತ್ತು.

ಆ ಡಬ್ಬಿಯಲ್ಲಿ ಏನಿತ್ತು ಎಂಬುದನ್ನು ಮೊದಲು ಹೇಳಬೇಕು.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯದ ಅಟೆಂಡರ್. ಮದುವೆಯಾದ ಮರುವರ್ಷದಿಂದ ಅದೇ ಕೆಲಸ. ಹುಡುಗರು ಬಳಸಿ ಬಿಟ್ಟ ಗಾಜಿನ ನಳಿಕೆ ತೊಳೆಯುವುದು, ಬಾಟಲಿಗಳಿಗೆ ಚೀಟಿ ಹಚ್ಚುವುದು, ಪರೀಕ್ಷೆಯ ದಿನ ದ್ರಾವಣಗಳನ್ನು ಅಳೆದು ಇಡುವುದು. ಅಲ್ಲಿ ನಾನು ತಯಾರಿಸಿದ್ದು ಯಾವುದೂ ನನ್ನದೆನ್ನಿಸಿಕೊಳ್ಳುತ್ತಿರಲಿಲ್ಲ. ಒಂದು ವರ್ಷ ಅಂತಿಮ ತರಗತಿಯ ಹುಡುಗಿಯರು ಕರಿದ ಎಣ್ಣೆಯಿಂದ ಗಾಡಿಯ ಇಂಧನ ಮಾಡುವ ಪ್ರಯೋಗ ಮಾಡಿದರು. ಅವರ ಬೀಕರುಗಳನ್ನು ತೊಳೆಯುವ ಮೊದಲು ನಾನು ಬಹಳ ಹೊತ್ತು ನೋಡುತ್ತ ನಿಂತೆ. ಕೆಳಗೆ ಕಾಕಂಬಿಯಂಥ ಕಪ್ಪು ಗಸಿ, ಮೇಲೆ ಹೊಸ ಕುಸುಬಿ ಎಣ್ಣೆಯಂಥ ತಿಳಿ ಹೊನ್ನಿನ ದ್ರವ. ನಾಲ್ಕು ಸಲ ಮೆಣಸಿನಕಾಯಿ ಭಜಿ ಕರಿದು ಕಪ್ಪಾಗಿದ್ದ ಎಣ್ಣೆ ಅದು ಎಂದರೆ ನಂಬಿಕೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಒಂದು ಡೀಸೆಲ್ ಗಾಡಿ ಇತ್ತು. ನಮ್ಮ ಮನೆಯವರು ಅದರಲ್ಲಿ ಕಲ್ಲೋಳಿ, ತುಕ್ಕಾನಟ್ಟಿಯ ತೋಟಗಳ ಕಾಯಿಪಲ್ಲೆಯನ್ನು ಗೋಕಾಕದ ಮಾರ್ಕೆಟ್ಟಿಗೆ ಹಾಕುತ್ತಿದ್ದರು. ಇದನ್ನು ನಾನೂ ಮಾಡಬಲ್ಲೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಜೀವನದಲ್ಲಿ ಅದೇ ಮೊದಲು.

ಮೂರು ತಿಂಗಳು ಸಣ್ಣ ಸಣ್ಣ ಬಾಟಲಿಗಳಲ್ಲಿ ಮಾಡಿ ಕೆಡಿಸಿ ಕಲಿತೆ. ತಂದ ಎಣ್ಣೆಯನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸಬೇಕು. ಎರಡು ದಿನ ಅಲುಗಾಡಿಸದೆ ಇಡಬೇಕು. ಆಮೇಲೆ ಕಾಯಿಸಬೇಕು. ಅದರಲ್ಲಿ ಸೇರಿದ ನೀರು ಚಟಚಟ ಎಂದು ಸದ್ದು ಮಾಡುತ್ತ ಹೋಗುತ್ತದೆ, ಸದ್ದು ನಿಂತರೆ ನೀರು ಮುಗಿಯಿತೆಂದು ಅರ್ಥ. ಎಣ್ಣೆ ಎಷ್ಟು ಹುಳಿ ಏರಿದೆ ಎಂದು ತಿಳಿಯಲು ಕಾಲೇಜಿನಲ್ಲಿ ಬೆಲೆಬಾಳುವ ದ್ರಾವಣ ಬಳಸುತ್ತಾರೆ, ನಾನು ಅರಿಷಿಣದಿಂದಲೇ ನೋಡುತ್ತಿದ್ದೆ. ಕಾಸ್ಟಿಕ್ ಸೋಡಾದ ನೀರನ್ನು ಹನಿ ಹನಿಯಾಗಿ ಹಾಕುತ್ತ ಹೋದರೆ ಒಂದು ಹನಿಗೆ ಹಳದಿ ಕೆಂಪಾಗಿ ನಿಲ್ಲುತ್ತದೆ. ಆ ಲೆಕ್ಕದಂತೆ ಕಾಸ್ಟಿಕ್ ಸೋಡಾವನ್ನು ಮೆಥನಾಲಿನಲ್ಲಿ ಕರಗಿಸಿ, ಬೆಚ್ಚಗಿನ ಎಣ್ಣೆಗೆ ಸೇರಿಸಿ, ಒಂದು ತಾಸು ಕದಡಬೇಕು.

ಮೆಥನಾಲ್ ನೋಡಲು ನೀರಿನಂತೆಯೇ. ಆದರೆ ವಿಷ. ಹೊಟ್ಟೆಗೆ ಹೋದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ. ಆವಿಯನ್ನು ಹೆಚ್ಚು ಹೊತ್ತು ಉಸಿರಾಡುವಂತಿಲ್ಲ, ಚರ್ಮದಿಂದಲೂ ಅದು ಒಳಗೆ ಇಳಿಯುತ್ತದೆ. ಬೆಂಕಿ ತಾಗಿದರೆ ಹಗಲ ಬೆಳಕಿನಲ್ಲಿ ಅದರ ಉರಿ ಕಾಣುವುದೂ ಇಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ನಿಂತೇ ಕೆಲಸ ಮಾಡುತ್ತಿದ್ದೆ. ಕದಡಿದ ಮರುದಿನ ಮೇಲಿನ ತಿಳಿಯನ್ನು ಬೇರೆ ತೆಗೆದು ಮೂರು ಸಲ ನೀರಿನಲ್ಲಿ ತೊಳೆದರೆ ಉಳಿದ ಮೆಥನಾಲ್, ಕಾಸ್ಟಿಕ್ ಎಲ್ಲ ನೀರಿನೊಂದಿಗೆ ಹೋಗುತ್ತವೆ. ಹಾಗೆ ತೊಳೆದು ಆರಿಸಿದ್ದನ್ನು ಮಾತ್ರ ಡೀಸೆಲ್ಲಿಗೆ ಬೆರೆಸಿ ಗಾಡಿಗೆ ಹಾಕುತ್ತಿದ್ದೆವು.

ಆ ಶನಿವಾರ ತೊಳೆಯಲು ಹೊತ್ತು ಸಿಕ್ಕಿರಲಿಲ್ಲ. ರವಿವಾರದ ಎಣ್ಣೆಗೆ ಡ್ರಮ್ ಖಾಲಿ ಬೇಕಿತ್ತು. ಇದಕ್ಕೆಂದೇ ಇಟ್ಟುಕೊಂಡಿದ್ದ ನನ್ನ ನೀಲಿ ಕ್ಯಾನುಗಳೆಲ್ಲ ತುಂಬಿದ್ದವು. ಮೂಲೆಯಲ್ಲಿ ಅಡಿಗೆ ಎಣ್ಣೆಯ ಒಂದು ಖಾಲಿ ಡಬ್ಬಿ ಇತ್ತು, ಮೇಲೆ ಸೂರ್ಯಕಾಂತಿ ಹೂವಿನ ಚಿತ್ರ, ಬಾಯಿಗೆ ತಿರುಗಿಸುವ ಮುಚ್ಚಳ. ಅದರಲ್ಲಿ ತುಂಬಿಸಿ ಗೋಡೆಗೆ ಒರಗಿಸಿದೆ. ಒಂದು ರಾತ್ರಿಯ ಮಾತು ಎಂದುಕೊಂಡೆ. ಚೀಟಿ ಹಚ್ಚಲಿಲ್ಲ. ವರ್ಷಗಟ್ಟಲೆ ಪರರ ಬಾಟಲಿಗಳಿಗೆ ಚೀಟಿ ಹಚ್ಚಿದವಳು ನನ್ನ ಡಬ್ಬಿಗೆ ಒಂದು ಅಕ್ಷರ ಬರೆಯಲಿಲ್ಲ.

ನಾನು ಶೆಡ್ಡಿನಿಂದ ಹೊರಬಂದಾಗ ಅತ್ತೆ ಕಟ್ಟೆಯ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದರು.

"ಅತ್ತೀ, ಶೆಡ್ಡಿನ್ಯಾಗ ಒಂದು ಡಬ್ಬಿ ಇಟ್ಟಿದ್ನಿ. ಎಲ್ಲಿ ಹೋತ್ರಿ?"

"ಎಣ್ಣಿ ಡಬ್ಬಿ ಏನ? ಬಾಜೂ ಮನಿಯಾಕಿಗೆ ಕೊಟ್ಟೆ," ಎಂದರು ತಲೆ ಎತ್ತದೆ. "ಮಗಳ ಕುಬಸಕ್ಕ ಹೊಂಟಿದ್ರು. ಎಣ್ಣಿ ಕಡಿಮಿ ಬೀಳ್ತೈತಿ, ಅಂಗಡಿ ಇನ್ನೂ ತಗದಿಲ್ಲ ಅಂತ ಚಡಪಡಸಾಕತ್ತಿದ್ಲು. ನಮ್ಮಲ್ಲಿ ತುಂಬಿದ ಡಬ್ಬಿ ಐತಿ, ಒಯ್ಯವ್ವಾ ಅಂದೆ. ನಾಳಿ ಹೊಸಾದು ತಂದ ಕೊಡ್ತಾಳಂತ."

ಕಟ್ಟೆಯ ಕಂಬ ಹಿಡಿದುಕೊಂಡೆ.

"ಅದು ಅಡಿಗಿ ಎಣ್ಣಿ ಅಲ್ರಿ ಅತ್ತೀ. ವಿಷ ಐತ್ರಿ ಅದರಾಗ."

ಅತ್ತೆ ಈಗ ತಲೆ ಎತ್ತಿದರು. "ನೀಲಿ ಕ್ಯಾನ್ ಮುಟ್ಟಬ್ಯಾಡ್ರಿ ಅಂದಿದ್ದಿ. ನಾ ಮುಟ್ಟಿಲ್ಲಲ್ಲಾ. ಇದು ನೀಲಿ ಇರಲಿಲ್ಲ."

ಅವರು ಹೇಳಿದ್ದು ಖರೆ. ನಾನು ಅವರಿಗೆ ಹೇಳಿದ್ದು ಅಷ್ಟನ್ನೇ. ಮುಚ್ಚಳ ತೆಗೆದಿದ್ದರೆ ಬೇರೆ ಯಾರಿಗಾದರೂ ಸ್ಪಿರಿಟ್ಟಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಆದರೆ ಕೊರೊನಾ ಬಂದು ಹೋದಾಗಿನಿಂದ ಅತ್ತೆಗೆ ವಾಸನೆ ಹತ್ತುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ.

ಬಾಜೂ ಮನೆಗೆ ಓಡಿದೆ. ಬಾಗಿಲಿಗೆ ಕೀಲಿ. ಆಕೆಯನ್ನು ನಾನು ಕಾಕು ಎಂದು ಕರೆಯುತ್ತೇನೆ. ಕಾಕುವಿನ ನಂಬರಿಗೆ ಫೋನು ಹಚ್ಚಿದರೆ, ಕೀಲಿ ಹಾಕಿದ ಮನೆಯೊಳಗಿಂದಲೇ ರಿಂಗು ಕೇಳಿಸಿತು. ಗಡಿಬಿಡಿಯಲ್ಲಿ ಫೋನು ಬಿಟ್ಟು ಹೋಗಿದ್ದರು. ಆಕೆಯ ಮಗಳ ನಂಬರು ನಮ್ಮ ಹತ್ತಿರ ಇರಲಿಲ್ಲ. ಆ ಹುಡುಗಿಯನ್ನು ಕೊಟ್ಟಿದ್ದು ಹುಕ್ಕೇರಿ ಆಚೆಯ ಒಂದು ಹಳ್ಳಿಗೆ. ಬಸುರಿಗೆ ಕುಬಸ ತೊಡಿಸಿ ಉಡಿ ತುಂಬುವ ಕಾರ್ಯಕ್ಕೆ ತವರಿನವರೇ ಅಡಿಗೆಯ ಸಾಮಾನು ಒಯ್ಯುವುದು ನಮ್ಮ ಕಡೆಯ ಪದ್ಧತಿ. ಅಂದರೆ ಆ ಡಬ್ಬಿ ನೇರವಾಗಿ ಒಲೆಯ ಮುಂದೆ ಹೋಗುತ್ತದೆ.

"ಕ್ಯಾನ್ ಇಳಸಬ್ಯಾಡ್ರಿ," ಎಂದು ಕೂಗಿದೆ. "ಗಾಡಿ ತಿರಗಸ್ರಿ."

ನಮ್ಮ ಮನೆಯವರು ನನ್ನ ಮುಖ ನೋಡಿ ಗಾಡಿ ತಿರುಗಿಸಿದರು. ಪೊಲೀಸರಿಗೆ ಫೋನು ಮಾಡೋಣವೆಂದರೆ ಯಾವ ಮನೆ, ಯಾರ ಮನೆ ಎಂದು ಹೇಳುವುದು? ಬೀಗರ ಅಡ್ಡಹೆಸರೂ ನಮಗೆ ನೆನಪಿರಲಿಲ್ಲ. ಮದುವೆಗೆ ಹೋಗಿ ಬಂದಿದ್ದವರು ಅತ್ತೆ ಒಬ್ಬರೇ.

"ನಾ ಬರ್ತೇನಿ," ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿದರು. "ಗುಡಿ ಮುಂದ ಹಾದು ಬಲಕ್ಕ ಹೊಳ್ಳಿದ್ರ ಅವರ ಮನಿ. ನನಗ ಗುರ್ತ ಐತಿ."

ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ಗಾಡಿ ಗೋಕಾಕ ದಾಟಿತು. ನಾನು ಮನಸ್ಸಿನಲ್ಲೇ ಹೊತ್ತು ಎಣಿಸುತ್ತಿದ್ದೆ. ಅವರು ಒಂಬತ್ತಕ್ಕೆ ಹೊರಟಿದ್ದರೆ ಈಗ ಮುಟ್ಟಿರುತ್ತಾರೆ. ಹೋಳಿಗೆ, ಪಲ್ಲೆ ಮೊದಲು ಆಗುತ್ತವೆ. ಭಜಿ ಕರಿಯುವುದು ಕೊನೆಗೆ, ಮಂದಿ ಊಟಕ್ಕೆ ಕೂಡುವ ಮುಂಚೆ. ಆದರೆ ಹಪ್ಪಳ, ಸಂಡಿಗೆ? ಒಗ್ಗರಣೆ? ಕಣಕಕ್ಕೆ ಬಿಡುವ ಎಣ್ಣೆ?

"ಹೊಟ್ಟಿಗಿ ಹೋದ್ರ ಏನಾಗ್ತೈತಿ?" ನಮ್ಮ ಮನೆಯವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

ಅತ್ತೆ ಪಕ್ಕದಲ್ಲಿದ್ದರು. ಆದರೂ ಹೇಳಿದೆ. "ಕಣ್ಣ ಹೋಗತಾವ್ರಿ. ಜೀವಾನೂ ಹೋಗಬಹುದು. ಮತ್ತ ಒಲಿ ಮ್ಯಾಲ ಇಟ್ರ ಬೆಂಕಿ ಹತ್ತತೈತಿ."

ಅತ್ತೆಯ ಕೈ ನನ್ನ ಮಂಡಿಯ ಮೇಲೆ ಬಂತು. ಅದು ಸಮಾಧಾನಕ್ಕೋ, ಹಿಡಿದುಕೊಳ್ಳಲಿಕ್ಕೋ ತಿಳಿಯಲಿಲ್ಲ. ಅವರ ತುಟಿಗಳು ಅಲುಗುತ್ತಿದ್ದವು. ಕೊರಳಿನ ಲಿಂಗದ ಕರಡಿಗೆಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

ಘಟಪ್ರಭಾ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಜಗ್ಗಿತು. ಒಮ್ಮೆ ಮುಂದೆ ನುಗ್ಗಿತು, ಮತ್ತೆ ಕೆಮ್ಮಿದಂತೆ ಜಗ್ಗಿತು. ಎಕ್ಸಿಲರೇಟರ್ ಒತ್ತಿದರೂ ವೇಗ ಏರಲಿಲ್ಲ. ಕಬ್ಬಿನ ಗದ್ದೆಯ ಪಕ್ಕ, ಬೇವಿನ ಮರದ ಕೆಳಗೆ ಗಾಡಿ ನಿಂತೇ ಬಿಟ್ಟಿತು.

"ಫಿಲ್ಟರ್," ಎಂದರು ಇವರು. "ನಿನ್ನ ಎಣ್ಣಿ ಟಾಕಿ ತಳದಾಗಿನ ಹಳೇ ಹೊಲಸ ಎಲ್ಲಾ ಎಬ್ಬಿಸಿ ತಂದೈತಿ."

ನನ್ನ ಇಂಧನ ಹಳೆಯ ಟಾಕಿಯ ಗಸಿಯನ್ನು ಕರಗಿಸುತ್ತದೆ, ಮೊದಮೊದಲು ಫಿಲ್ಟರ್ ಕಟ್ಟಿಕೊಳ್ಳುತ್ತದೆ ಎಂದು ನಾನೇ ಅವರಿಗೆ ಹೇಳಿದ್ದೆ. ಅದಕ್ಕೆಂದೇ ಸೀಟಿನ ಕೆಳಗೆ ಹೊಸ ಫಿಲ್ಟರ್ ಒಂದಿತ್ತು. ಅವರು ಪಾನಾ ಹಿಡಿದು ಬಾನೆಟ್ಟಿನೊಳಗೆ ತಲೆ ಹಾಕಿದರು. ನಾನು ರಸ್ತೆಯ ನಡುವೆ ನಿಂತು ಬರುವ ಗಾಡಿಗಳಿಗೆ ಕೈ ಮಾಡಿದೆ. ಒಂದು ಕಾರು ನಿಲ್ಲದೆ ಹೋಯಿತು. ಬೈಕಿನವನೊಬ್ಬ ನಿಲ್ಲಿಸಿದ. ಅವನು ನಮ್ಮ ಹಿಂದಿನಿಂದ ಬಂದವನಾದರೂ ಮುಂದಿನ ಕ್ರಾಸಿನಲ್ಲಿ ಬೇರೆ ದಾರಿ ಹಿಡಿಯುವವನು. ಎಲ್ಲಿಗೆ, ಯಾರ ಮನೆಗೆ, ಏನು ಹೇಳಬೇಕು ಎಂದು ಅವನು ಕೇಳಿದಾಗ ನನ್ನ ಮಾತು ತೊದಲಿತು. ನಾನು ವಿವರಿಸಿ ಮುಗಿಸುವ ಮೊದಲೇ ಹಿಂದಿನಿಂದ ಎಂಜಿನ್ ಸದ್ದು ಕೇಳಿಸಿತು. ಇವರ ಎರಡೂ ಕೈ ಮೊಣಕೈವರೆಗೆ ಡೀಸೆಲ್ಲಿನಲ್ಲಿ ನೆನೆದಿದ್ದವು. "ಹತ್ತ!" ಎಂದರು. ಹತ್ತಿದೆ.

ಹುಕ್ಕೇರಿ ಪೇಟೆಯಲ್ಲಿ ಎತ್ತಿನ ಗಾಡಿ, ಟಂಟಂ ಆಟೊ, ಜನ. ಹಾರ್ನ್ ಮೇಲಿಂದ ಇವರು ಕೈ ತೆಗೆಯಲಿಲ್ಲ. ಊರು ದಾಟಿ ಹಳ್ಳಿಯ ದಾರಿ ಹಿಡಿದಾಗ ಅತ್ತೆ ಕಿಟಕಿಯಿಂದ ಹೊರಗೆ ತಲೆ ಹಾಕಿದರು. ಗುಡಿ ಬಂತು. "ಬಲಕ್ಕ, ಬಲಕ್ಕ," ಎಂದರು. ಹೊರಳಿದೆವು. ಅಲ್ಲಿ ಪೆಂಡಾಲ್ ಇರಲಿಲ್ಲ. ಬರೀ ದನದ ಕೊಟ್ಟಿಗೆ. ಅತ್ತೆ ಎರಡೂ ಬದಿ ನೋಡಿದರು. "ಇದs ಓಣಿ ಇತ್ತು... ಮದವಿ ದಿನ ಮಂದಿ ಬಾಳ ಇದ್ರು..." ಎಂದು ತಡವರಿಸಿದರು. ಬಾವಿಕಟ್ಟೆಯ ಹತ್ತಿರ ನಿಂತಿದ್ದ ಮುದುಕನನ್ನು ಇವರು ಕೇಳಿದರು, "ಕಾಕಾ, ಇವತ್ತ ಕುಬಸ ಯಾರ ಮನ್ಯಾಗ ಐತ್ರಿ?" ಅವನು ಮುಂದಿನ ಓಣಿಯತ್ತ ಕೋಲು ಚಾಚಿದ.

ಪೆಂಡಾಲ್ ಕಂಡಿತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಜಿಗಿದೆ. ಕುರ್ಚಿ ಹಾಕುತ್ತಿದ್ದವರು ನನ್ನನ್ನು ದಿಟ್ಟಿಸಿದರು. ಯಾರನ್ನೂ ಮಾತಾಡಿಸದೆ ಮನೆಯ ಬದಿಯ ಸಂದಿಯಲ್ಲಿ ಹಿತ್ತಲಿಗೆ ಓಡಿದೆ.

ಹಿತ್ತಲಿನಲ್ಲಿ ಕಲ್ಲು ಹೂಡಿ ಮಾಡಿದ ಎರಡು ಒಲೆ. ಒಂದರ ಮೇಲೆ ಅನ್ನದ ಬೋಗುಣಿ, ಇನ್ನೊಂದರ ಮೇಲೆ ಅಗಲವಾದ ಕಡಾಯಿ. ಪಕ್ಕದಲ್ಲಿ ಸೂರ್ಯಕಾಂತಿಯ ಚಿತ್ರದ ಡಬ್ಬಿ ಬಾಯಿ ತೆರೆದು ನಿಂತಿತ್ತು. ಕಡಾಯಿ ಅರ್ಧ ತುಂಬಿತ್ತು, ಕೆಳಗೆ ಕಟ್ಟಿಗೆ ಆಗಲೇ ಹೊತ್ತಿತ್ತು. ನಾಲ್ಕು ಹೆಂಗಸರು ಸುತ್ತ ಕೂತು ಮೆಣಸಿನಕಾಯಿ ಸೀಳುತ್ತಿದ್ದರು. ಅಡಿಗೆಯವನು ಕಡಾಯಿಯ ಮೇಲೆ ಬಾಗಿ ಮೂಗು ಹಿಂಡಿಕೊಂಡಿದ್ದ. "ಇದೆಂಥಾ ಎಣ್ಣಿರಿ, ದವಾಖಾನಿ ವಾಸನಿ ಬರಾಕತ್ತೈತಿ," ಎನ್ನುತ್ತಿದ್ದ.

"ಹಿಂದ ಸರೀರಿ!" ಎಂದು ಚೀರಿದೆ. "ಒಲಿ ಉರಿ ತಗೀರಿ! ಎಲ್ಲಾರೂ ಹಿಂದ ಸರೀರಿ!"

ಹೆಂಗಸೊಬ್ಬಳು ಗಾಬರಿಯಾಗಿ ನೀರಿನ ಕೊಡ ಎತ್ತಿದಳು. "ನೀರ ಹಾಕಬ್ಯಾಡ್ರಿ!" ಎಂದು ಅವಳ ಕೈ ಹಿಡಿದು ತಡೆದೆ. ಅಷ್ಟರಲ್ಲಿ ಕಡಾಯಿಯ ಮೇಲೆ ಭಸ್ಸೆಂದು ಸದ್ದಾಯಿತು. ಬೆಂಕಿ ಕಾಣಲಿಲ್ಲ. ಕಡಾಯಿಯ ಮೇಲಿನ ಗಾಳಿ ನಡುಗುತ್ತಿತ್ತು, ಅಂಚಿನಲ್ಲಿ ಎಳೆ ನೀಲಿ ಓಡಾಡುತ್ತಿತ್ತು, ಅಷ್ಟೇ. ಅಡಿಗೆಯವನು ಕೈ ಕೊಡವುತ್ತ ಹಿಂದೆ ಬಿದ್ದ. ನಾನು ಹಿಟ್ಟು ನಾದುವ ದೊಡ್ಡ ಪರಾತವನ್ನು ಎತ್ತಿಕೊಂಡು ಬದಿಯಿಂದ ಸರಿಸುತ್ತ ಕಡಾಯಿಯ ಮೇಲೆ ಮುಚ್ಚಿದೆ. ಹಿಂದೆಯೇ ಬಂದ ನಮ್ಮ ಮನೆಯವರು ಉದ್ದ ಸಲಾಕೆಯಿಂದ ಉರಿಯುವ ಕಟ್ಟಿಗೆಗಳನ್ನು ದೂರ ಎಳೆದು ಮಣ್ಣು ಹಾಕಿದರು. ಅಡಿಗೆಯವನು ಎದ್ದು ಬಂದು ಒದ್ದೆ ಗೋಣಿಯನ್ನು ಪರಾತದ ಮೇಲೆ ಹಾಸಿದ. ಅವನ ಮುಂಗೈಯ ಕೂದಲು ಸುಟ್ಟಿತ್ತು, ಗಾಯವಾಗಿರಲಿಲ್ಲ.

ಒಂದು ನಿಮಿಷ ಎಲ್ಲರೂ ಹಾಗೆಯೇ ನಿಂತೆವು. ಪರಾತದ ಕೆಳಗಿನಿಂದ ಏನೂ ಬರಲಿಲ್ಲ.

"ಈ ಡಬ್ಬಿ ಎಣ್ಣಿ ಬ್ಯಾರೆ ಯಾವುದಕ್ಕರ ಹಾಕೀರೇನ್ರಿ ಅಣ್ಣಾರ?" ಎಂದು ಕೇಳಿದೆ.

"ಇಲ್ರಿ ಅವ್ವಾರ. ನಮ್ಮ ಎಣ್ಣಿ ತೀರಿಂದ ಈಗ ಒಡದೇನಿ. ಸೀದಾ ಕಡಾಯಿಗಿ ಹಾಕೇನಿ."

ನಾನು ನೆಲದ ಮೇಲೆ ಕುಕ್ಕರಿಸಿದೆ. ಮುಗಿಯಿತು, ಉಳಿದೆವು ಅನ್ನಿಸಿತು. ಆಗ ಮೆಣಸಿನಕಾಯಿ ಸೀಳುತ್ತಿದ್ದವಳೊಬ್ಬಳು ಮೆಲ್ಲಗೆ ಹೇಳಿದಳು, "ಒಂದ ವಾಟಿ ಒಳಗ ಒಯ್ದಾರ್ರಿ. ಹುಡಿಗಿಗಿ ಎಣ್ಣಿ ಹಚ್ಚಿ ಎರೀಬೇಕಂತ."

ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಹುಡುಗಿ ಮಣೆಯ ಮೇಲೆ ಕೂತಿದ್ದಳು, ಏಳು ತಿಂಗಳ ಹೊಟ್ಟೆ. ಕಾಕು ಅವಳ ಎರಡೂ ತೋಳು, ಕುತ್ತಿಗೆ, ಬೆನ್ನಿಗೆ ಎಣ್ಣೆ ತಿಕ್ಕಿ ಮುಗಿಸಿದ್ದರು. ಈಗ ಅಂಗೈಯಲ್ಲಿ ಎಣ್ಣೆ ತುಂಬಿಕೊಂಡು ನೆತ್ತಿಗೆ ಒತ್ತಲು ಕೈ ಎತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಅಯ್ಯ, ನೀನೂ ಬಂದ್ಯೇನವ್ವಾ? ವಾಸನಿ ಒಂಚೂರ ಔಷಧಿದ ಬಂದ್ರೂ ಬಾಳ ತಣ್ಣಗ ಅನಸ್ತೈತಿ ಅಂತಾಳ ನೋಡ, ನಿಮ್ಮ ಎಣ್ಣಿ."

ಮೆಥನಾಲ್ ಚರ್ಮದ ಮೇಲಿಂದ ಆರುವಾಗ ತಣ್ಣಗೆ ಅನ್ನಿಸುತ್ತದೆ. ನಾನು ಕಾಕುವಿನ ಕೈ ಹಿಡಿದು ಆಚೆ ತಳ್ಳಿದೆ. ಎಣ್ಣೆ ತುಂಬಿದ್ದ ವಾಟಿ ಉರುಳಿತು.

"ಕಾಕು, ಅದು ಎಣ್ಣಿ ಅಲ್ಲ. ನೀರ ಹಾಕ್ರಿ, ತಣ್ಣೀರ, ಕೊಡಗಟ್ಲೆ ಹಾಕ್ರಿ. ಮೊದಲ ಕಿಟಕಿ ತಗೀರಿ."

ಹೇಗೆ ಹೇಳಿದೆನೋ, ಯಾರೂ ಎದುರಾಡಲಿಲ್ಲ. ನಾನೇ ಸಾಬೂನು ಹಚ್ಚಿ ತೊಳೆದೆ. ಅತ್ತೆ ತಣ್ಣೀರಿನ ತೊಟ್ಟಿಯಿಂದ ಮೊಗೆದು ಮೊಗೆದು ಕೊಟ್ಟರು. ಕೊಡದ ಮೇಲೆ ಕೊಡ. ಹುಡುಗಿ ಚಳಿಯಿಂದ ನಡುಗುತ್ತ ನನ್ನ ಭುಜ ಹಿಡಿದಿದ್ದಳು. ಮೊಣಕೈಯ ಒಳಬದಿ ಕಾಸ್ಟಿಕ್ಕಿಗೆ ಕೆಂಪಾಗಿತ್ತು.

"ವೈನಿ, ಉರಿಯಾಕತ್ತೈತ್ರಿ," ಎಂದಳು. ಆಮೇಲೆ, "ನನ್ನ ಕೂಸಿಗಿ ಏನೂ ಆಗೂದಿಲ್ಲ ಹೌದಿಲ್ರಿ?"

ಅವಳ ಬೆನ್ನಿಗೆ ಒಣ ಸೀರೆ ಹೊದಿಸಿದೆ. "ದವಾಖಾನಿಗಿ ಹೋಗೂನು ನಡಿ," ಎಂದೆ.

ಪೆಂಡಾಲಿನಲ್ಲಿ ಆಗಲೇ ಸುದ್ದಿ ಹರಡಿತ್ತು. ಹುಡುಗಿಯ ಮಾವ ಗಾಡಿಗೆ ಅಡ್ಡ ಬಂದು ನಿಂತರು. "ಊರ ಮಂದೀಗೆಲ್ಲಾ ವಿಷಾ ಹಾಕಾಕ ಬಂದಿದ್ರೇನು?" ಎಂದರು. ಅವರ ದನಿ ಜೋರಾಗಿರಲಿಲ್ಲ. ಜೋರಾಗಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗಿಯ ಗಂಡ ಅವರನ್ನು ಪಕ್ಕಕ್ಕೆ ಸರಿಸಿ, ಹುಡುಗಿಯನ್ನು ಮುಂದೆ ನನ್ನ ಪಕ್ಕ ಕೂಡಿಸಿ, ತಾನು ಹಿಂದೆ ಹತ್ತಿ ಕೂತ. ಅತ್ತೆ ಮತ್ತು ಕಾಕು ಕೂಡ ಹಿಂದೆಯೇ, ಬೆಳಿಗ್ಗೆ ಇಳಿಸದೆ ಬಿಟ್ಟಿದ್ದ ಕರಿದ ಎಣ್ಣೆಯ ಕ್ಯಾನುಗಳ ನಡುವೆ ಕೂತರು.

ಹುಕ್ಕೇರಿಯ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇದ್ದರು. ನಾನು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದೆ. ಏನೇನು ಬೆರೆಸಿತ್ತು, ಎಷ್ಟು ಪಾಲು, ಎಷ್ಟು ಹೊತ್ತು ಮೈಮೇಲಿತ್ತು, ಯಾವಾಗ ತೊಳೆದದ್ದು. ಅವರು ಬರೆದುಕೊಳ್ಳುತ್ತ ಕೇಳಿದರು, "ಇಷ್ಟೆಲ್ಲಾ ನಿಮಗ ಹೆಂಗ ಗೊತ್ತು? ಯಾರು ತಯಾರ ಮಾಡಿದ್ದು?"

"ನಾನs ರೀ."

ಅವರು ಪೆನ್ನು ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದರು. ರಕ್ತ ತೆಗೆಸಿದರು, ಹುಡುಗಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು, ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಬಾಗಿಲ ಹೊರಗೆ ನಿಂತಿದ್ದ ನಮಗೆಲ್ಲ ಕೂಸಿನ ಎದೆಬಡಿತ ಕೇಳಿಸಿತು, ದೂರದಲ್ಲಿ ಕುದುರೆ ಓಡಿದಂತೆ. ಕಾಕು ಗೋಡೆಗೆ ಮುಖ ಮಾಡಿ ಅಳತೊಡಗಿದರು. ಡಾಕ್ಟರ್ ಹೊರಗೆ ಬಂದು, "ಈಗ ಎಲ್ಲಾ ಚಲೋ ಐತಿ. ಆದ್ರ ಇದರ ಪರಿಣಾಮ ತಡಾಗಿ ಕಾಣಸ್ತೈತಿ. ನಾಳಿ ತನಕ ಇಲ್ಲೇ ಇರಲಿ. ಎಣ್ಣಿ ಹಚ್ಚಿದ ಅವ್ವಾರ, ನೀವೂ ಕೈ ತೋರಸ್ರಿ," ಎಂದರು.

ಆ ಮಧ್ಯಾಹ್ನ ನಾವು ಆಸ್ಪತ್ರೆಯ ವರಾಂಡದ ಬಾಕಿನ ಮೇಲೆ ಕೂತೇ ಇದ್ದೆವು. ತಾಸಿಗೊಮ್ಮೆ ನರ್ಸು ಒಳಗೆ ಹೋಗುವಳು, ಹುಡುಗಿಗೆ "ಈ ಕಡೆ ನೋಡು, ಮಸುಕ ಕಾಣ್ತೈತೇನು?" ಎಂದು ಕೇಳುವಳು. ಅವಳು "ಇಲ್ರಿ" ಎನ್ನುವವರೆಗೆ ನಾನು ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಒಮ್ಮೆ ಕಾಕು ಅತ್ತೆಯ ಎದುರಿಗೆ ಬಂದು ನಿಂತರು. ಕಣ್ಣುಗಳು ಕೆಂಪಾಗಿದ್ದವು. "ನಾ ನಂಬಿ ಒಯ್ದೆ. ನೋಡಿ ಕೊಡಬಾರದೇನವಾ?"

ಅತ್ತೆ ಎದ್ದು ನಿಂತರು. "ನಂದs ತಪ್ಪು," ಎಂದರು. "ನಾ ಯಾರ್ನೂ ಕೇಳದ ಕೊಟ್ಟೆ. ನಮ್ಮ ಸೊಸಿದೇನೂ ತಪ್ಪಿಲ್ಲ. ಬೈಯೂದಿದ್ರ ನನಗ ಬೈ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆ ನನ್ನ ಪರ ಹಿಡಿದು ಮಾತಾಡಿದ್ದು ನಾನು ಕೇಳಿರಲಿಲ್ಲ. ಶೆಡ್ಡಿನ ಕೆಲಸ ಅವರಿಗೆ ಒಂದಿಷ್ಟೂ ಸೇರುತ್ತಿರಲಿಲ್ಲ, ಎಣ್ಣೆ ಸುಡುವ ಸೊಸೆ ಎಂದು ನೆಂಟರ ಮುಂದೆ ಅನ್ನುತ್ತಿದ್ದರು. ಅವರು ಹೊತ್ತುಕೊಂಡದ್ದನ್ನು ಅಲ್ಲಿಗೇ ಬಿಟ್ಟು ಸುಮ್ಮನಿರಲು ನನ್ನ ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಅದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ.

"ಇಲ್ರಿ ಕಾಕು," ಎಂದೆ. "ಅತ್ತಿಗಿ ನಾ ನೀಲಿ ಕ್ಯಾನ್ ಅಷ್ಟs ಮುಟ್ಟಬ್ಯಾಡ್ರಿ ಅಂದಿದ್ನಿ. ಅವರು ಮುಟ್ಟಿಲ್ಲ. ವಿಷಾನ ಅಡಿಗಿ ಎಣ್ಣಿ ಡಬ್ಬಿಗಿ ತುಂಬಿದಾಕಿ ನಾನು. ಚೀಟಿ ಹಚ್ಚದಾಕಿನೂ ನಾನs."

ಕಾಕು ನನ್ನತ್ತ ನೋಡಿದರು. ಆಮೇಲೆ ಮಗಳ ಹತ್ತಿರ ಒಳಗೆ ಹೋದರು.

ಮರುದಿನ ಮಧ್ಯಾಹ್ನ ಹುಡುಗಿಯನ್ನು ಮನೆಗೆ ಕಳಿಸಿದರು. ತೋಳಿನ ಕೆಂಪು ವಾರದಲ್ಲಿ ಮಾಯವಾಯಿತು. ಕುಬಸದ ಕಾರ್ಯವನ್ನು ಒಂಬತ್ತನೇ ತಿಂಗಳಲ್ಲಿ ಇನ್ನೊಮ್ಮೆ, ಮನೆಯವರಷ್ಟೇ ಸೇರಿ ಮಾಡಿದರು. ನಮ್ಮನ್ನು ಕರೆಯಲಿಲ್ಲ. ಕರೆದಿದ್ದರೂ ನನಗೆ ಹೋಗಲು ಮುಖ ಇರಲಿಲ್ಲ.

ನಾನು ಶೆಡ್ಡಿಗೆ ಬೀಗ ಹಾಕಿದೆ. ಕಡಾಯಿ ಮತ್ತು ಡಬ್ಬಿಯಲ್ಲಿ ಉಳಿದದ್ದನ್ನು ವಾಪಸ್ ತಂದು, ಮೂರರ ಬದಲು ಐದು ಸಲ ತೊಳೆದು ಇಟ್ಟೆ, ಗಾಡಿಗೆ ಹಾಕಲು ಮನಸ್ಸಾಗಲಿಲ್ಲ. ಕಾಲೇಜಿನಲ್ಲಿ ನಳಿಕೆ ತೊಳೆಯುವಾಗ ಕೈಜಾರಿ ಎರಡು ಒಡೆದವು. ಹೆರಿಗೆಯ ಸುದ್ದಿ ಬರುವವರೆಗೆ ಪ್ರತಿದಿನ ಬಾಜೂ ಮನೆಯ ಫೋನು ಸದ್ದಾದರೆ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದೆ.

ಹುಕ್ಕೇರಿಯಲ್ಲೇ ಹೆಣ್ಣು ಕೂಸು ಹುಟ್ಟಿತು. ಮೂರು ತಿಂಗಳಿಗೆ ಹುಡುಗಿ ತವರಿಗೆ ಬಂದಾಗ, ಅವಳೇ ಕೂಸನ್ನು ಎತ್ತಿಕೊಂಡು ನಮ್ಮ ಕಟ್ಟೆಗೆ ಬಂದಳು. "ವೈನಿ, ನೋಡ್ರಿ," ಎಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ನಾನು ಕೈಬಳೆ ಅಲ್ಲಾಡಿಸಿದೆ. ಕೂಸು ಬಳೆಯತ್ತ ಕಣ್ಣು ಹೊರಳಿಸಿತು. ಇನ್ನೊಂದು ಬದಿಗೆ ಸರಿಸಿದೆ, ಅಲ್ಲಿಗೂ ಹೊರಳಿಸಿತು. ಹುಡುಗಿಗೆ ನಾನು ಏನು ಮಾಡುತ್ತಿದ್ದೇನೆಂದು ತಿಳಿಯಿತು. "ದಿನಾ ನಾನೂ ಹಿಂಗs ಮಾಡ್ತೇನ್ರಿ," ಎಂದಳು.

ಆ ವಾರ ಅತ್ತೆಯೇ ಕೇಳಿದರು, "ಶೆಡ್ಡಿನ ಕೀಲಿ ಎಲ್ಲೈತಿ?" ನಾನು ಯಾಕೆಂದೆ. "ತಗಿ. ಯಾವುದು ಏನು ಅಂತ ನನಗ ಒಮ್ಮಿ ತೋರಿಸಿ ಹೇಳು. ನನಗ ವಾಸನಿ ಹತ್ತೂದಿಲ್ಲ, ಓದಾಕ ಬರೂದಿಲ್ಲ. ಮನ್ಯಾಗ ಇರಾಕಿ ನಾನು."

ಒಂದಿಡೀ ಮಧ್ಯಾಹ್ನ ಕೂತು ತೋರಿಸಿದೆ. ಯಾವುದು ಬರೀ ಸೋಸಿದ ಎಣ್ಣೆ, ಯಾವುದು ವಿಷ, ಯಾವುದು ತೊಳೆದದ್ದು. ಅರಿಷಿಣ ಕೆಂಪಾಗುವುದನ್ನು ಅವರು ಮೂರು ಸಲ ಮಾಡಿಸಿ ನೋಡಿದರು. ತೊಳೆಯದ ಕ್ಯಾನುಗಳ ಕುತ್ತಿಗೆಗೆ ತಮ್ಮ ಹಳೆಯ ಸೀರೆಯ ಕೆಂಪು ಚಿಂದಿ ಕಟ್ಟಿದರು. ಅಡಿಗೆ ಎಣ್ಣೆಯ ಖಾಲಿ ಡಬ್ಬಿಗಳನ್ನೆಲ್ಲ ಅವತ್ತೇ ಗುಜರಿಯ ಮೋಡಕಾದವನಿಗೆ ಕೊಟ್ಟು ಕಳಿಸಿದರು. ಈಗ ಡ್ರಮ್ಮಿನಿಂದ ತೆಗೆದ ತಿಳಿಯನ್ನು ತೊಳೆಯದೆ ನಾನು ಒಂದು ರಾತ್ರಿಗೂ ಬಿಟ್ಟು ಮಲಗುವುದಿಲ್ಲ, ತೆಗೆದ ದಿನವೇ ತೊಳೆಯಲು ಆಗದಿದ್ದರೆ ಡ್ರಮ್ಮನ್ನೇ ಮುಟ್ಟುವುದಿಲ್ಲ. ಗಾಡಿ ನನ್ನ ಇಂಧನದಲ್ಲೇ ಗೋಕಾಕದ ಮಾರ್ಕೆಟ್ಟಿಗೆ ಹೋಗಿ ಬರುತ್ತದೆ.

ಕಾಕು ಮತ್ತೆ ಮಾತಾಡುತ್ತಾರೆ. ನೀರಿನ ಸರದಿಯಲ್ಲಿ ಭೇಟಿಯಾದರೆ ಮೊಮ್ಮಗಳ ಸುದ್ದಿ ಹೇಳುತ್ತಾರೆ. ಹಬ್ಬಕ್ಕೆ ನಾವು ಕೊಟ್ಟ ಹೋಳಿಗೆಯನ್ನು ತೆಗೆದುಕೊಳ್ಳುತ್ತಾರೆ, ತಿನ್ನುತ್ತಾರೋ ಇಲ್ಲವೋ ನಾನು ಕೇಳಿಲ್ಲ. ಆದರೆ ಮೊದಲಿನಂತೆ ಸಂಜೆ ವಾಟಿ ಹಿಡಿದುಕೊಂಡು ಬಂದು ಸಕ್ಕರೆ, ಹಿಟ್ಟು, ಎಣ್ಣೆ ಎಂದು ಕಡ ಕೇಳುವುದನ್ನು ಬಿಟ್ಟಿದ್ದಾರೆ. ಅತ್ತೆ ಕೆಲವು ಸಲ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಅವರ ಮನೆಯ ಬಾಗಿಲನ್ನೇ ನೋಡುತ್ತಿರುತ್ತಾರೆ.